ಬೆರೆಟ್ ಟೋಪಿಯ ಬೆನ್ನು ಹತ್ತಿ: ಪಿರನೀಸ್‌ನಿಂದ ಪ್ಯಾರಿಸ್‌ಗೆ

ಶುಕ್ರವಾರ, ಪೋ

ಫ್ರಾನ್ಸಿನ ಪೋ ಊರಿನ ಸ್ಟೇಷನ್ನಿನಲ್ಲಿ ಇಳಿದಾಗ ಸೋನೆ ಹಿಡಿದಿತ್ತು. ಜೋರಾಗಿ ಸುರಿಯುವುದೂ ಇಲ್ಲ, ನಿಲ್ಲುವುದೂ ಇಲ್ಲ. ಸ್ಟೇಷನ್ ಎದುರಿಗೇ ಗುಡ್ಡ ಹತ್ತಿಸುವ ಪುಟ್ಟ ಹಳಿಬಂಡಿ ಇದೆ, 1908ರಿಂದ ಓಡುತ್ತಿರುವುದು, ಟಿಕೆಟ್ ಇಲ್ಲ. ಸೂಟ್‌ಕೇಸ್ ಎಳೆದುಕೊಂಡು ಮೆಟ್ಟಿಲು ಹತ್ತಬೇಕಾಗಿಲ್ಲ ಎಂದು ಸಮಾಧಾನಪಟ್ಟುಕೊಂಡು ಮೇಲೆ ಹೋದರೆ, ಪಿರನೀಸ್ ಪರ್ವತಗಳನ್ನು ನೋಡಲೆಂದೇ ಕಟ್ಟಿದ ಉದ್ದನೆಯ ರಸ್ತೆ. ಅದರ ಕಬ್ಬಿಣದ ಕಟಾಂಜನದ ಮೇಲೆ ಯಾವ ಶಿಖರ ಎಲ್ಲಿದೆ, ಎಷ್ಟು ಎತ್ತರ ಎಂದು ಬರೆದ ಫಲಕಗಳಿವೆ. 2,884 ಮೀಟರ್‌ನ ಪಿಕ್ ದ್ಯು ಮಿದಿ ದೋಸೋ ಎಂಬ ಫಲಕದ ಮುಂದೆ ನಿಂತು ನೋಡಿದೆವು. ಕಂಡಿದ್ದು ಬೆಳ್ಳನೆಯ ಮಂಜು ಮಾತ್ರ.

"ನಂಬ್ಕೋ ಅಕ್ಕ, ಅಲ್ಲೇ ಇದೆ" ಅಂದ ತಮ್ಮ.

ತಮ್ಮ ತುಲೂಸ್‌ನಲ್ಲಿ ವಿಮಾನದ ಕೆಲಸ ಮಾಡುತ್ತಾನೆ. ನಾನು ಹಾಸನದಲ್ಲಿ ಹೈಸ್ಕೂಲ್ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುವವಳು. 'ಚಿತ್ರಕಾರನ ಚಿತ್ರ ಬರೆಯಿರಿ' ಅಂದರೆ ಸಾಕು, ನನ್ನ ಮಕ್ಕಳು ಚೂಪು ಗಡ್ಡ, ಕೈಯಲ್ಲೊಂದು ಪ್ಯಾಲೆಟ್, ತಲೆ ಮೇಲೆ ಓರೆಯಾಗಿ ಕೂತ ದುಂಡನೆ ಟೋಪಿ, ಅಂದರೆ ಬೆರೆಟ್, ಬರೆದು ಕೊಡುತ್ತಾರೆ. ಅವರಲ್ಲಿ ಒಬ್ಬರೂ ಅಂಥ ಟೋಪಿಯ ಚಿತ್ರಕಾರರನ್ನು ನೋಡಿದವರಲ್ಲ. ಛದ್ಮವೇಷ ಸ್ಪರ್ಧೆಯಲ್ಲೂ ಅಷ್ಟೇ, ಟೋಪಿ ಹಾಕದಿದ್ದರೆ ಹುಡುಗ ಪೇಂಟರ್ ಆಗುವುದೇ ಇಲ್ಲ. ಇದನ್ನು ಒಮ್ಮೆ ಫೋನಿನಲ್ಲಿ ಹೇಳಿದಾಗ ತಮ್ಮ, "ಆ ಟೋಪಿ ಹುಟ್ಟಿದ್ದು ನಮ್ಮನೆಯಿಂದ ಎರಡೂವರೆ ಗಂಟೆ ದಾರಿ, ದಸರಾ ರಜಕ್ಕೆ ಬಾ" ಅಂದಿದ್ದ. ವೀಸಾ, ಟಿಕೆಟ್ಟಿನ ಕಥೆ ಬಿಟ್ಟುಬಿಡುತ್ತೇನೆ. ಎಲ್ಲರದೂ ಒಂದೇ ಕಥೆ.

ಬೆಯಾರ್ನ್ ಅನ್ನುವುದು ಫ್ರಾನ್ಸಿನ ನೈಋತ್ಯ ಮೂಲೆಯ ಸೀಮೆ. ಪೋ ಅದರ ರಾಜಧಾನಿಯಾಗಿತ್ತು. ನಾಲ್ಕನೇ ಹೆನ್ರಿ ದೊರೆ 1553ರಲ್ಲಿ ಹುಟ್ಟಿದ ಅರಮನೆ ಇಲ್ಲೇ ಇದೆ. ಅವನ ತೊಟ್ಟಿಲೆಂದು ದೊಡ್ಡ ಆಮೆಯ ಚಿಪ್ಪೊಂದನ್ನು ತೋರಿಸುತ್ತಾರೆ. ರಾತ್ರಿ ಊಟಕ್ಕೆ ಗಾರ್ಬ್ಯೂರ್ ಎಂಬ ಎಲೆಕೋಸು ಮತ್ತು ಬಿಳಿ ಬೀನ್ಸ್ ಕಾಳಿನ ಸೂಪು ಸಿಗುತ್ತದೆ ಎಂದು ಓದಿ ಆಸೆಪಟ್ಟಿದ್ದೆ. ಅದರ ತಳದಲ್ಲಿ ಬಾತುಕೋಳಿಯ ಕಾಲು ಇರುತ್ತದೆ ಎಂದು ಬಡಿಸುವಾಕೆ ಮೊದಲೇ ಹೇಳಿ ಉಪಕಾರ ಮಾಡಿದಳು. ಸಸ್ಯಾಹಾರಿಗಳು ಈ ಸೀಮೆಯಲ್ಲಿ ಬ್ರೆಡ್ಡು, ಚೀಸು, ಹಣ್ಣು ನೆಚ್ಚಿಕೊಂಡೇ ಹೋಗಬೇಕು. ಬ್ಯಾಗಿನಲ್ಲಿ ಚಟ್ನಿಪುಡಿ ಇದ್ದರೆ ಕುರಿ ಚೀಸಿನ ಜೊತೆ ಚೆನ್ನಾಗಿ ಹೊಂದುತ್ತದೆ.

ಶನಿವಾರ, ಲಾರುನ್ಸ್

ಬೆಳಿಗ್ಗೆ ಬಸ್ಸು ಓಸೋ ಕಣಿವೆಯೊಳಗೆ ನುಗ್ಗಿದಂತೆ ಮಂಜು ಹರಿಯಿತು. ಎರಡೂ ಕಡೆ ಹಸಿರು ಹುಲ್ಲಿನ ಇಳಿಜಾರು, ಮೇಲೆ ಬಂಡೆ, ಬಂಡೆಯ ನೆತ್ತಿಯಲ್ಲಿ ರಣಹದ್ದುಗಳು ಸುತ್ತುತ್ತಿದ್ದವು. ಆಸ್ತ್-ಬೆಯೋನ್ ಎಂಬ ಹಳ್ಳಿಯ ಬಂಡೆಗೋಡೆಯಲ್ಲಿ ಅವು ಗೂಡು ಕಟ್ಟುತ್ತವಂತೆ. ಅಕ್ಟೋಬರ್ ಮೊದಲ ವಾರಾಂತ್ಯದಲ್ಲಿ ಲಾರುನ್ಸ್‌ನಲ್ಲಿ ಚೀಸ್ ಜಾತ್ರೆ. ಬೇಸಿಗೆಯೆಲ್ಲ ಬೆಟ್ಟದ ಮೇಲೆ ಕುರಿ ಮೇಯಿಸಿದವರು ಕೆಳಗಿಳಿದು, ಮೇಲೆ ಮಾಡಿಟ್ಟ ಚೀಸಿನ ಗಾಲಿಗಳನ್ನು ಮಾರಲು ತರುತ್ತಾರೆ. ಬರುವುದಾದರೆ ಈ ದಿನಗಳಿಗೆ ಹೊಂದಿಸಿಕೊಂಡು ಬನ್ನಿ. ಕೆಂಪು ಬೆರೆಟ್, ಕೆಂಪು ಕೋಟಿನ ಹಬ್ಬದುಡುಗೆ ನೋಡಬೇಕೆಂದರೆ ಮಾತ್ರ ಆಗಸ್ಟ್ 15ರ ಜಾತ್ರೆಗೇ ಬರಬೇಕು.

ಚೌಕದ ತುಂಬ ಟೋಪಿಗಳು. ಕಪ್ಪು, ಕಂದು, ಮಳೆ ಬಿಸಿಲಿಗೆ ಬಣ್ಣ ಕಳೆದುಕೊಂಡು ಹಸಿರು ತಿರುಗಿದವು. ನಮ್ಮ ಮಕ್ಕಳು ಬರೆಯುವ ಪುಟಾಣಿ ಟೋಪಿಯಲ್ಲ ಇದು. ಇದರ ಅಗಲ ಹಣೆಯಿಂದ ಮುಂದಕ್ಕೆ ಚಾಚಿ ಕಣ್ಣಿಗೆ ನೆರಳು ಕೊಡುವಷ್ಟು. ಒಂದು ಅಂಗಡಿಯ ಮುಂದೆ ಚೀಸಿನ ಚೂರು ಬಾಯಿಗಿಟ್ಟುಕೊಂಡು ನಿಂತಿದ್ದೆ. ಮೊದಲು ಬೆಣ್ಣೆಯ ರುಚಿ, ಆಮೇಲೆ ಹುರಿದ ಬಾದಾಮಿಯಂಥ ವಾಸನೆ, ಕೊನೆಗೆ ಸ್ವಲ್ಪ ಕುರಿ. ಇದಕ್ಕೆ ಕಪ್ಪು ಚೆರ್ರಿ ಜಾಮ್ ಹಚ್ಚಿಕೊಂಡು ತಿನ್ನುತ್ತಾರೆ. ಓಸೋ-ಇರಾತಿ ಎಂಬ ಈ ಚೀಸಿಗೆ 1980ರಲ್ಲೇ ಹುಟ್ಟಿದ ಸೀಮೆಯ ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕಿದೆ.

"ಟೋಪಿಗೆ ಮಾತ್ರ ಅಂಥ ಅದೃಷ್ಟ ಇರಲಿಲ್ಲ" ಅಂದರು ಅಂಗಡಿಯ ಅಜ್ಜ. ತಮ್ಮ 'ಬಾಸ್ಕ್ ಬೆರೆಟ್' ಎಂದು ಬಾಯಿ ಬಿಟ್ಟಿದ್ದೇ ತಡ, ಅವರಿಗೆ ರೇಗಿತು. ಬಾಸ್ಕರ ನಾಡು ಪಶ್ಚಿಮಕ್ಕೆ, ಸಮುದ್ರದ ಕಡೆ. ಟೋಪಿ ಹುಟ್ಟಿದ್ದು ಇಲ್ಲಿ, ಹೆಸರು ಹೋಗಿದ್ದು ಅಲ್ಲಿಗೆ. ತಪ್ಪು ಯಾರದು ಎಂದು ಕೇಳಿದರೆ ಅಜ್ಜ ಸೀದಾ ಮೂರನೇ ನೆಪೋಲಿಯನ್ನನ ಹೆಸರು ಹೇಳಿದರು. 1850ರ ದಶಕದಲ್ಲಿ ಅವನು ಹೆಂಡತಿ ಯೂಜೀನಿಗಾಗಿ ಬಿಯಾರಿತ್ಸ್ ಕಡಲ ದಂಡೆಯಲ್ಲಿ ಬಂಗಲೆ ಕಟ್ಟಿಸುತ್ತಿದ್ದಾಗ, ಕೆಲಸಗಾರರ ತಲೆ ಮೇಲೆ ಇದನ್ನು ಕಂಡು 'ಬಾಸ್ಕ್ ಬೆರೆಟ್' ಅಂದನಂತೆ. ದೊರೆ ಅಂದ ಮೇಲೆ ಮುಗಿಯಿತು. ಹಾಗೆಂದು ಬಾಸ್ಕರದ್ದೇನೂ ಸುಳ್ಳಲ್ಲ. 1830ರ ದಶಕದಲ್ಲಿ ಸ್ಪೇನಿನ ಸಿಂಹಾಸನಕ್ಕಾಗಿ ನಡೆದ ಕಾರ್ಲಿಸ್ಟ್ ಯುದ್ಧದಲ್ಲಿ ಅವರ ದಂಡನಾಯಕ ಸುಮಾಲಕಾರೆಗಿ ಧರಿಸಿದ್ದು ಇದನ್ನೇ. ಇವತ್ತಿಗೂ ಅವರ ಕ್ರೀಡೆಗಳಲ್ಲಿ ಗೆದ್ದವನ ತಲೆಗೆ, ಟ್ರೋಫಿಯ ಬದಲು, ದೊಡ್ಡ ಬೆರೆಟ್ ಇಡುತ್ತಾರೆ. ಅಜ್ಜನ ಮುಂದೆ ಇದನ್ನೆಲ್ಲ ಹೇಳುವ ಧೈರ್ಯ ನಮಗಾಗಲಿಲ್ಲ. ಅರ್ಧ ಕಿಲೋ ಚೀಸ್ ಕಟ್ಟಿಸಿಕೊಂಡೆವು.

ಸಂಜೆ ಬಸ್‌ಸ್ಟಾಪಿನಲ್ಲಿ ಕಾದೆವು, ಕಾದೆವು. ತಮ್ಮ ವೇಳಾಪಟ್ಟಿಯಲ್ಲಿ ನೋಡಿದ್ದ ಬಸ್ಸು ಶಾಲೆ ಇರುವ ದಿನ ಮಾತ್ರ ಓಡುವುದು. ಕೆಳಗೆ ಸಣ್ಣಕ್ಷರದಲ್ಲಿ ಹಾಗೆ ಬರೆದಿತ್ತು. ಈ ಕಣಿವೆಗಳಲ್ಲಿ ಶನಿವಾರ, ಭಾನುವಾರ ಬಸ್ಸಿನ ಭರವಸೆಯಲ್ಲಿ ಹೊರಡಬೇಡಿ. "ನಿನ್ನ ವಿಮಾನಗಳನ್ನೂ ಹೀಗೇ ಓದ್ತೀಯೇನೋ?" ಎಂದು ಕೇಳಿದೆ. ಉತ್ತರ ಬರಲಿಲ್ಲ, ಮಳೆ ಬಂತು. ಆಗ ಜಾತ್ರೆ ಮುಗಿಸಿ ಹೊರಟ ಒಂದು ವ್ಯಾನು ನಿಂತಿತು. ಮುಂದಿನ ಸೀಟಿನಲ್ಲಿ ಒದ್ದೆ ನಾಯಿ, ಹಿಂದೆ ಖಾಲಿ ಚೀಸ್ ಹಲಗೆಗಳು, ನಡುವೆ ನಾವು. ಓಡಿಸುತ್ತಿದ್ದವನು ನಲವತ್ತರ ಕುರಿಗಾಹಿ. ಅವನ ಬೆರೆಟ್ ಮೇಲೆ ನೀರ ಹನಿಗಳು ಮಣಿ ಕಟ್ಟಿ ನಿಂತಿದ್ದವು, ಒಳಗೆ ಇಳಿದಿರಲಿಲ್ಲ. ನಮ್ಮ ಕಡೆ ಕುರುಬರು ಕಂಬಳಿ ಕೊಪ್ಪೆ ಹಾಕಿಕೊಂಡು ಸುರಿವ ಮಳೆಯಲ್ಲೂ ಕುರಿ ಹಿಂದೆ ನಿಲ್ಲುತ್ತಾರಲ್ಲ, ಇದೂ ಅದೇ ಲೆಕ್ಕ. ಉಣ್ಣೆಯ ಮೈ, ನೀರು ಜಾರಿಸುವ ಗುಣ. ಅವನು ಕೈ ಸ್ಟೀರಿಂಗ್ ಬಿಟ್ಟು ಬಿಟ್ಟು ಟೋಪಿಯ ಉಪಯೋಗಗಳನ್ನು ವಿವರಿಸಿದ: ಬಿಸಿ ಪಾತ್ರೆ ಇಳಿಸಲು, ಒದ್ದೆ ಬಂಡೆಯ ಮೇಲೆ ಕೂರಲು, ಈ ತಿಂಗಳಲ್ಲಾದರೆ ಕಾಡಿನ ಅಣಬೆ ತುಂಬಿ ತರಲು. ಪೋಗೆ ಬಿಟ್ಟಾಗ ದುಡ್ಡು ಮುಟ್ಟಲಿಲ್ಲ. ತಮ್ಮನ ಜಾಕೆಟ್ಟಿನಿಂದ ಆ ಚೀಸು-ನಾಯಿ ವಾಸನೆ ಪ್ಯಾರಿಸ್ ತಲುಪುವವರೆಗೂ ಬಿಟ್ಟುಹೋಗಲಿಲ್ಲ.

ಭಾನುವಾರ, ಸೋಮವಾರ, ಓಲೋರೋನ್

ಪೋದಿಂದ ಸಣ್ಣ ರೈಲು ಓಲೋರೋನ್-ಸೇಂತ್-ಮಾರಿಗೆ ಮುಕ್ಕಾಲು ಗಂಟೆಯೊಳಗೆ ತಲುಪಿಸುತ್ತದೆ. ಆಸ್ಪ್ ಮತ್ತು ಓಸೋ ಕಣಿವೆಗಳ ಎರಡು ಹೊಳೆ ಊರ ನಡುವೆ ಕೂಡುತ್ತವೆ. ಎಲ್ಲಿ ನಿಂತರೂ ನೀರಿನ ಸದ್ದು. ಭಾನುವಾರ ಊರು ಮುಚ್ಚಿತ್ತು, ಹಾಗಾಗಿ ಕೆಥೆಡ್ರಲ್ ಬಾಗಿಲಿನ ಮುಂದೆ ಸ್ಕೆಚ್‌ಬುಕ್ ಬಿಚ್ಚಿ ಕೂತೆ. 12ನೇ ಶತಮಾನದ ಅಮೃತಶಿಲೆಯ ಬಾಗಿಲುವಾಡ. ಮೇಲಿನ ಕಮಾನಿನಲ್ಲಿ ವಾದ್ಯ ಹಿಡಿದ 24 ಹಿರಿಯರು, ಕೆಳಗಿನದರಲ್ಲಿ ಊರ ಜನ: ಸಾಲ್ಮನ್ ಮೀನು ಹಿಡಿಯುವವರು, ಬೇಟೆಗಾರರು, ಚೀಸ್ ಮಾಡುವವರು. ದೇವರ ಮನೆ ಬಾಗಿಲಿಗೆ ಅಡುಗೆಮನೆಯ ಕೆಲಸವನ್ನು ಕೆತ್ತಿದ ಶಿಲ್ಪಿ ನನಗೆ ಬಹಳ ಹಿಡಿಸಿದ. ತೆರೆದಿದ್ದ ಒಂದೇ ಬೇಕರಿಯಲ್ಲಿ 'ರ‍್ಯೂಸ್' ಎಂಬ ಕೇಕು ತಿಂದೆವು. ಬಾದಾಮಿಯ ತೆಳು ಪದರಗಳ ನಡುವೆ ಹುರಿದ ಬೀಜಗಳ (ನಟ್ಸ್) ಕೆನೆ. ಮೊಟ್ಟೆ ಇರುತ್ತದೆ, ತಿನ್ನದವರು ಗಮನಿಸಿ. ನಾನು ಗಮನಿಸಿಯೂ ತಿಂದೆ.

ಸೋಮವಾರ ಕಾರ್ಖಾನೆ. ಈ ಸೀಮೆಯಲ್ಲಿ ಬೆರೆಟ್ ಕಾರ್ಖಾನೆಗಳು 19ನೇ ಶತಮಾನದಲ್ಲಿ ಹುಟ್ಟಿಕೊಂಡವು. ಪಕ್ಕದ ನಾಯ್ ಊರಿನ ಬ್ಲಾಂಕ್-ಓಲಿಬೆ 1819ರದು, ಓಲೋರೋನ್‌ನ ಲೋಲೇರ್ 1840ರದು. ಒಂದು ಕಾಲಕ್ಕೆ ಹೊಳೆದಂಡೆಯುದ್ದಕ್ಕೂ ಇದ್ದವು ಒಂದೊಂದಾಗಿ ಮುಚ್ಚಿದವು. 2014ರಲ್ಲಿ ಲೋಲೇರ್ ತನ್ನ ಹಳೆಯ ಎದುರಾಳಿ ಬ್ಲಾಂಕ್-ಓಲಿಬೆಯನ್ನೇ ಕೊಂಡುಕೊಂಡಿತು. ಒಳಗೆ ನೋಡಬೇಕೆಂದರೆ ಮೊದಲೇ ಬರೆದು ದಿನ ಗೊತ್ತುಮಾಡಿಕೊಳ್ಳಬೇಕು.

ನಾನು ಏನೋ ಬಟ್ಟೆ ಕತ್ತರಿಸಿ ಹೊಲಿಯುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ. ಮೆರಿನೋ ಉಣ್ಣೆಯ ನೂಲನ್ನು ಮೊದಲು ಹೆಣೆಯುತ್ತಾರೆ. ಹೆಣಿಗೆಯ ಎರಡು ಅಂಚನ್ನು ಒಬ್ಬಾಕೆ ಕುಣಿಕೆಗೆ ಕುಣಿಕೆ ಸೇರಿಸಿ ದುಂಡು ಮಾಡುತ್ತಾಳೆ. ಕಣ್ಣಿಗೆ ಹಬ್ಬ ಆ ಬೆರಳುಗಳ ವೇಗ. ಆಗ ಕೈಗೆ ಬರುವುದು ಜೋಲು ಬೀಳುವ ದೊಡ್ಡ ಚೀಲ, ಇಬ್ಬರ ತಲೆ ಹಿಡಿಸುವಂಥದ್ದು. ನಡುವೆ ಉಳಿಯುವ ನೂಲಿನ ಗಂಟೇ ಟೋಪಿಯ ನೆತ್ತಿಯ ಜುಟ್ಟು; ಇಲ್ಲಿಯವರು ಅದನ್ನು 'ಕಾಬಿಯೂ' ಅನ್ನುತ್ತಾರೆ. ಅಲಂಕಾರಕ್ಕೆ ಇಟ್ಟಿದ್ದು ಅಂತ ನಾನು ತಿಳಿದಿದ್ದೆ. ಆಮೇಲೆ ಈ ಚೀಲವನ್ನು ಬಿಸಿನೀರು, ಸಾಬೂನಿನಲ್ಲಿ ಹಾಕಿ ಗಂಟೆಗಟ್ಟಲೆ ಬಡಿಯುತ್ತಾರೆ. ಉಣ್ಣೆಯ ಎಳೆಯ ಮೈಮೇಲೆ ಸೂಕ್ಷ್ಮ ಪೊರೆಗಳಿರುತ್ತವೆ. ಬಿಸಿ, ತೇವ, ಒತ್ತಡ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಮತ್ತೆ ಬಿಡುವುದಿಲ್ಲ. ಚೀಲ ಕುಗ್ಗಿ ಟೋಪಿಯಾಗುತ್ತದೆ, ಹೆಣಿಗೆಯ ಕಣ್ಣು ಮುಚ್ಚಿ ದಪ್ಪ ಉಣ್ಣೆಗಟ್ಟಿಯಾಗುತ್ತದೆ. ಸುಣ್ಣದ ಅಂಶವಿಲ್ಲದ ಬೆಟ್ಟದ ಮೃದು ನೀರು ಇದಕ್ಕೆ ಹೇಳಿ ಮಾಡಿಸಿದ್ದು, ಬಡಿಯುವ ಕೊಡತಿಗಳನ್ನು ತಿರುಗಿಸಲೂ ಹಿಂದೆ ಅದೇ ಹೊಳೆ. ಬಣ್ಣ, ಅಚ್ಚು, ಒಣಗಿಸುವುದು, ಮೇಲಿನ ನವಿರು ಎಬ್ಬಿಸಿ ಸಮನಾಗಿ ಕತ್ತರಿಸುವುದು, ಚರ್ಮದ ಪಟ್ಟಿ ಹೊಲಿಯುವುದು ಆಮೇಲಿನ ಕೆಲಸ. ಮನೆಗೆ ತಂದವರು ಬಿಸಿನೀರಿನಲ್ಲಿ ಒಗೆದರೆ ಬಡಿತ ಮತ್ತೆ ಶುರುವಾದ ಹಾಗೆ, ಟೋಪಿ ಮಗುವಿನ ತಲೆಗೆ ಹೋಗುತ್ತದೆ. ತಣ್ಣೀರು ಸಾಕು.

ಈ ವಿದ್ಯೆ ಮೊದಲು ಹೊಳೆದದ್ದು ಯಾರಿಗೆ? ಇಲ್ಲಿ ಎರಡು ಕಥೆ ಚಾಲ್ತಿಯಲ್ಲಿವೆ. ಕುರಿಗಾಹಿ ಮರದ ಮೆಟ್ಟಿನೊಳಗೆ ಉಣ್ಣೆ ತುರುಕಿಕೊಂಡು ಮಳೆಯಲ್ಲಿ ನಡೆದಾಗ ಅದು ಗಟ್ಟಿಯಾಯಿತು ಎಂಬುದು ಒಂದು. ಇನ್ನೊಂದು, ಪ್ರಳಯದ ನೋವಾನ ಹಡಗಿನದು. ನೆಲಕ್ಕೆ ಹಾಸಿದ್ದ ಉಣ್ಣೆಯನ್ನು ಪ್ರಾಣಿಗಳು ತುಳಿದೂ ತುಳಿದೂ ಉಣ್ಣೆಗಟ್ಟಿ ಆಯಿತಂತೆ, ನೋವಾ ಅದನ್ನು ತಲೆಗೆ ಹಾಕಿಕೊಂಡನಂತೆ.

ಕಾರ್ಖಾನೆಯಲ್ಲಿ ಸೈನ್ಯದ ಬೆರೆಟ್‌ಗಳೂ ಇದ್ದವು. ಫ್ರಾನ್ಸಿನ ಪರ್ವತ ಪಡೆ 1889ರ ಹೊತ್ತಿಗೆ ದೊಡ್ಡ ಬೆರೆಟ್ ತೊಟ್ಟಿತು. ಅದನ್ನು ನೋಡಿದ ಬ್ರಿಟಿಷರು 1924ರಲ್ಲಿ ತಮ್ಮ ಟ್ಯಾಂಕ್ ಪಡೆಗೆ ಕಪ್ಪು ಬೆರೆಟ್ ಕೊಟ್ಟರು. ಅಂಚಿಲ್ಲದ ಟೋಪಿ ಟ್ಯಾಂಕಿನ ಕಿಂಡಿಗೆ ತಾಗುವುದಿಲ್ಲ, ಕಪ್ಪು ಬಣ್ಣದಲ್ಲಿ ಎಣ್ಣೆ ಕಲೆ ಕಾಣುವುದಿಲ್ಲ. ಆ ದಾರಿಯಲ್ಲೇ ಅದು ನಮ್ಮ ದೇಶದ ಸೈನ್ಯಕ್ಕೂ ಎನ್‌ಸಿಸಿ ಹುಡುಗರ ತಲೆಗೂ ಬಂದಿದ್ದು. ಕುರಿಗಾಹಿಯ ಟೋಪಿ ಸೈನಿಕನಿಗೆ ಹೋದ ದಾರಿ ಹೀಗೆ ನೇರವಾಗಿದೆ. ಚಿತ್ರಕಾರನಿಗೆ ಹೋದ ದಾರಿ ಓಲೋರೋನ್‌ನಲ್ಲಿ ಸಿಗಲಿಲ್ಲ. ಅಲ್ಲಿಯ ಅಂಗಡಿಯಲ್ಲಿ ನನಗೊಂದು ಕಂದು ಬೆರೆಟ್ ಕೊಂಡೆ. ಬೆಲೆ ಕೇಳಿ ತಮ್ಮ, "ಅಕ್ಕ, ಈ ದುಡ್ಡಿಗೆ ಕುರೀನೇ ಬರ್ತಿತ್ತು" ಅಂದ.

ಬುಧವಾರ, ಲೂವ್ರ್

ಮಂಗಳವಾರ ಇಡೀ ರೈಲಿನಲ್ಲೇ ಕಳೆಯಿತು. ಲೂವ್ರ್ ಮ್ಯೂಸಿಯಂಗೆ ಮಂಗಳವಾರ ರಜ, ಹಾಗಾಗಿ ನಷ್ಟವಾಗಲಿಲ್ಲ. ಬುಧವಾರ ರಾತ್ರಿವರೆಗೂ ತೆರೆದಿರುತ್ತದೆ. ಸಮಯ ಹಾಕಿಸಿ ಟಿಕೆಟ್ ತಗೊಂಡು ಮಧ್ಯಾಹ್ನದ ನಂತರ ಹೋದರೆ ನೂಕುನುಗ್ಗಲು ಸ್ವಲ್ಪ ಕಡಿಮೆ.

ಮೋನಾಲಿಸಾ ಕಡೆ ಓಡುವ ಜನರನ್ನು ಓಡಲು ಬಿಟ್ಟು, ನಾನು ಇಟಲಿಯ ಚಿತ್ರಕಾರ ರಾಫೆಲ್ ಬರೆದ ಬಾಲ್ದಸಾರೆ ಕಾಸ್ತಿಲಿಯೋನೆಯ ಮುಂದೆ ನಿಂತೆ. 1514-15ರ ಸುಮಾರಿನ ಚಿತ್ರ. ಬೂದು, ಕಪ್ಪು, ಬಿಳಿ, ಅಷ್ಟೇ ಬಣ್ಣ. ನೀಲಿ ಕಣ್ಣು, ಶಾಂತ ಮುಖ, ತಲೆ ಮೇಲೆ ಕಪ್ಪನೆಯ ಅಗಲ ಟೋಪಿ. ಈತ ಚಿತ್ರಕಾರನಲ್ಲ, ಆಸ್ಥಾನಿಕ. ಹದಿನಾರನೇ ಶತಮಾನದ ಯುರೋಪಿನಲ್ಲಿ ದೊಡ್ಡ ಮನುಷ್ಯರು ಹಾಕುತ್ತಿದ್ದ ಮೆತ್ತನೆಯ ಟೋಪಿ ಇದು. ಕುರಿಗಾಹಿಯ ಉಣ್ಣೆಗೂ ಇದಕ್ಕೂ ಆಕಾರದ ಹೋಲಿಕೆ ಬಿಟ್ಟರೆ ನೆಂಟಸ್ತಿಕೆ ಕಡಿಮೆ.

ಈ ಚಿತ್ರ 1639ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹರಾಜಿಗೆ ಬಂತು. ನೋಡಲು ಬಂದವರಲ್ಲಿ ಡಚ್ ಚಿತ್ರಕಾರ ರೆಂಬ್ರಾಂಟ್ ಒಬ್ಬ. ಕೊಳ್ಳಲಿಲ್ಲ, ಚುರುಕಾಗಿ ಒಂದು ಸ್ಕೆಚ್ ಮಾಡಿ, ಪಕ್ಕದಲ್ಲಿ 3,500 ಗಿಲ್ಡರ್‌ಗೆ ಹೋಯಿತು ಎಂದು ಬರೆದುಕೊಂಡ. ಆ ಸ್ಕೆಚ್ ಈಗ ವಿಯೆನ್ನಾದಲ್ಲಿದೆ. ಅದರಲ್ಲಿ ಟೋಪಿಯನ್ನು ಇನ್ನಷ್ಟು ಓರೆ ಮಾಡಿದ್ದಾನೆ! ಮರುವರ್ಷ, 1640ರಲ್ಲಿ, ಅದೇ ಭಂಗಿಯಲ್ಲಿ ಅಗಲ ಕಪ್ಪು ಬೆರೆಟ್ ತೊಟ್ಟ ತನ್ನನ್ನೇ ಚಿತ್ರಿಸಿಕೊಂಡ. ಅದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅವನ ಕಾಲದ ಡಚ್ಚರು ಹಾಕುತ್ತಿದ್ದುದು ಅಗಲ ಅಂಚಿನ ಹ್ಯಾಟು. ಬೆರೆಟ್ ಆಗಲೇ ನೂರು ವರ್ಷ ಹಳೆಯ ವೇಷ. ಅದನ್ನು ತೊಟ್ಟು ಆತ 'ನಾನು ರಾಫೆಲ್, ಟಿಶಿಯನ್ ಸಾಲಿನವನು' ಅಂದುಕೊಂಡ ಎಂದು ನನ್ನ ಎಣಿಕೆ. ವರ್ಮೀರ್ ಕೂಡ, ಬೆನ್ನು ತಿರುಗಿಸಿ ಕೂತ ಚಿತ್ರಕಾರನನ್ನು ಬರೆದಾಗ ಅವನಿಗೆ ಕಪ್ಪು ಬೆರೆಟ್ಟನ್ನೂ ಸೀಳು ಸೀಳಾದ ಹಳೆಗಾಲದ ಅಂಗಿಯನ್ನೂ ತೊಡಿಸಿದ. ನನ್ನ ಶಾಲೆಯ ಛದ್ಮವೇಷಕ್ಕೂ ಇದಕ್ಕೂ ವ್ಯತ್ಯಾಸವೇನಿಲ್ಲ ಅನ್ನಿಸಿ ನಗು ಬಂತು.

ಆದರೆ ಬೆರೆಟ್ ಬರೀ ವೇಷ ಎಂಬುದನ್ನು ಪಕ್ಕಾ ಮಾಡಿದ್ದು ರಿಷೆಲ್ಯೂ ಭಾಗದ ಎರಡನೇ ಮಹಡಿ. ಅಲ್ಲಿ ರೆಂಬ್ರಾಂಟ್ ಇದ್ದಾನೆ. 1633ರ ಚಿತ್ರದಲ್ಲಿ ಇಪ್ಪತ್ತೇಳರ ಯುವಕ, ಮೆತ್ತನೆ ಟೋಪಿ, ಚಿನ್ನದ ಸರ, ಒಳ್ಳೆ ಠೀವಿ. 1660ರದರಲ್ಲಿ ಮುದುಕನಾಗುತ್ತಿರುವವನು, ಈಸೆಲ್ ಮುಂದೆ, ಕೈಯಲ್ಲಿ ಪ್ಯಾಲೆಟ್ಟು, ಕುಂಚಗಳು. ತಲೆ ಮೇಲೆ? ಬಿಳಿ ಬಟ್ಟೆಯ ಟೋಪಿ. ಬಣ್ಣ ತಾಗಿದರೆ ಒಗೆದು ಹಾಕಿಕೊಳ್ಳುವಂಥದ್ದು. ಆ ಹಣೆಯ ಬೆಳಕೆಲ್ಲ ಆ ಬಿಳಿಯಿಂದಲೇ ಶುರುವಾಗುತ್ತದೆ. ಕೆಲಸ ಮಾಡುವಾಗ ಹೀಗೆ ಕಾಣಿಸಿಕೊಂಡವನ ಹೆಸರಿಗೆ ಬೆರೆಟ್ ಅಂಟಿಕೊಂಡಿತು ನೋಡಿ. 19ನೇ ಶತಮಾನದಲ್ಲಿ ರೆಂಬ್ರಾಂಟ್‌ನನ್ನು ತಲೆ ಮೇಲೆ ಹೊತ್ತ ಕಲಾವಿದರು ಅವನ ಟೋಪಿಯನ್ನೂ ಹೊತ್ತರು. ಸಂಗೀತಗಾರ ವಾಗ್ನರ್ ಕೂಡ ವೆಲ್ವೆಟ್ ಬೆರೆಟ್ ತೊಟ್ಟು ಮೆರೆದ. ಅದೇ ಶತಮಾನದಲ್ಲಿ ಓಲೋರೋನ್, ನಾಯ್‌ಗಳ ಕಾರ್ಖಾನೆಗಳು ಅಗ್ಗದ, ಬೆಚ್ಚನೆಯ ಉಣ್ಣೆ ಬೆರೆಟ್ಟುಗಳನ್ನು ರಾಶಿ ಹಾಕುತ್ತಿದ್ದವು. ವೆಲ್ವೆಟ್ಟಿನ ಕನಸಿಗೆ ಬಡವರ ಉಣ್ಣೆ ಸಿಕ್ಕಿತು. ಎರಡು ಬೇರೆ ಬೇರೆ ಟೋಪಿಗಳು ಒಂದೇ ಆದದ್ದು ಹೀಗೆ. ಮೋನೆ 1886ರಲ್ಲಿ ಬೆರೆಟ್ ತೊಟ್ಟ ತನ್ನ ಚಿತ್ರ ಬರೆದುಕೊಂಡ, ಸೆಜಾನ್ ತನ್ನ ಕೊನೆಯ ವರ್ಷಗಳಲ್ಲಿ ಬರೆದುಕೊಂಡದ್ದು ಬಾಸ್ಟನ್ನಿನಲ್ಲಿದೆ.

ಇಷ್ಟನ್ನೂ ತಮ್ಮನಿಗೆ ವಿವರಿಸಿ ತಿರುಗಿದರೆ ಅವನು ಬೆಂಚಿನ ಮೇಲೆ ಶೂ ಬಿಚ್ಚಿ ಕೂತಿದ್ದ. ಲೂವ್ರ್‌ನಲ್ಲಿ ನೆಲ ಗಟ್ಟಿ, ದೂರ ಜಾಸ್ತಿ. ಹಳೇ ಚಪ್ಪಲಿಯೇ ಮೇಲು.

ಗುರುವಾರ, ಮೋಂಮಾರ್ತ್

ಕೊನೆಗೆ ಪ್ಯಾರಿಸ್ಸಿನ ಚಿತ್ರಕಾರರ ಬೆಟ್ಟ. ಅಬೆಸ್ ಮೆಟ್ರೋದಲ್ಲಿ ಇಳಿದರೆ ಲಿಫ್ಟಿಗೆ ಕಾಯಿರಿ, ಆ ಸುತ್ತು ಮೆಟ್ಟಿಲು ಮುಗಿಯುವುದಿಲ್ಲ. ಮೇಲೆ ಹೋಗುವ ದಾರಿಯಲ್ಲಿ ಬಾತೋ-ಲಾವ್ವಾರ್ ಇದ್ದ ಜಾಗ. ಪಿಕಾಸೊ 1904ರಿಂದ 1909ರವರೆಗೆ ಇದ್ದ ಹಳೇ ಮರದ ಕಟ್ಟಡ 1970ರಲ್ಲಿ ಸುಟ್ಟುಹೋಯಿತು, ಈಗಿರುವುದು ಆಮೇಲೆ ಕಟ್ಟಿದ್ದು. ರಾತ್ರಿ ಲೋಟದಲ್ಲಿ ಉಳಿದ ಚಹಾ ಬೆಳಗಾಗುವಷ್ಟರಲ್ಲಿ ಮಂಜುಗಡ್ಡೆಯಾಗುತ್ತಿತ್ತು ಎಂದು ಅವನ ಜೊತೆಗಿದ್ದ ಫೆರ್ನಾಂದ್ ಒಲಿವಿಯೆ ಬರೆದಿದ್ದಾಳೆ. ಅಂಥ ಕೋಣೆಯಲ್ಲಿ ಉಣ್ಣೆಯ ಟೋಪಿ ವೇಷವಲ್ಲ, ಕಂಬಳಿಯ ತುಂಡು.

ಪ್ಲಾಸ್ ದ್ಯು ತೆರ್ತ್ರ್ ಚೌಕದ ಸುತ್ತಲಿನ ಅಂಗಡಿಗಳಲ್ಲಿ ಕೆಂಪು, ಗುಲಾಬಿ, ಹಳದಿ ಬೆರೆಟ್ಟುಗಳ ಗೋಪುರ. ಓಲೋರೋನ್ ಬೆಲೆಯ ಒಂದಂಶಕ್ಕೆ ಸಿಗುತ್ತವೆ. ಒಳಗಿನ ಚೀಟಿ ಓದಿ: ಬಹಳಷ್ಟಕ್ಕೆ ಕುರಿಯ ಪರಿಚಯವೇ ಇಲ್ಲ. ಎಲ್ಲ ಪ್ರವಾಸಿಗರ ತಲೆ ಮೇಲೂ ಒಂದೊಂದು. ಚೌಕದ ನಡುವೆ ನಗರಸಭೆಯ ಪರವಾನಗಿ ಪಡೆದು ಕೂತ ಚಿತ್ರಕಾರರನ್ನು ನೋಡುತ್ತ ಒಂದು ಸುತ್ತು ಬಂದೆ. ಕ್ರಿಕೆಟ್ ಆಟಗಾರರಂಥ ಕ್ಯಾಪು, ಹೆಣೆದ ಉಲ್ಲನ್ ಟೋಪಿ, ಬರಿತಲೆ. ಬೆರೆಟ್ ತೊಟ್ಟವರು ನನ್ನ ಕಣ್ಣಿಗೆ ಬೀಳಲಿಲ್ಲ.

ಕ್ಯಾಪ್ ಹಾಕಿದ್ದ ಅರವತ್ತರ ಆಸುಪಾಸಿನ ಒಬ್ಬರ ಮುಂದೆ ತಮ್ಮನನ್ನು ಕೂರಿಸಿದೆ. ದರ ಮೊದಲೇ ಕೇಳಿ ಒಪ್ಪಿಕೊಂಡು ಕೂರುವುದು ಒಳ್ಳೆಯದು. ಇದ್ದಿಲಿನ ಕಡ್ಡಿ ಹಿಡಿದ ಅವರ ಕೈ ಪಳಗಿದ್ದು. ಮೊದಲು ಕಣ್ಣು, ಆಮೇಲೆ ಮೂಗು, ಗೆರೆ ಎಲ್ಲೂ ತಡವರಿಸಲಿಲ್ಲ. ನಾನು ಡ್ರಾಯಿಂಗ್ ಮೇಡಂ ಎಂದು ತಮ್ಮ ಹೇಳಿದ ಮೇಲೆ ಮಾತಿಗೆ ಸಿಕ್ಕರು. ಬೆರೆಟ್ ಯಾಕಿಲ್ಲ ಎಂದು ಕೇಳಿದೆ. ಬಿಸಿಲು ಕಾಗದದ ಮೇಲೆ ಬಿದ್ದು ಕಣ್ಣು ಕುಕ್ಕುತ್ತದೆ, ಕ್ಯಾಪಿಗಾದರೆ ಅಂಚಿದೆ ಅಂದರು. ಹಾಗಂತ ಬೆರೆಟ್ ಇಲ್ಲದೆ ಇಲ್ಲ. ಪೆಟ್ಟಿಗೆಯಿಂದ ಕೆಂಪನೆಯದೊಂದನ್ನು ಎಳೆದು ತೋರಿಸಿದರು. ಗಿರಾಕಿಗಳಿಗೆ ತೊಡಿಸಲು ಇಟ್ಟಿರುವುದು.

"ಅವರಿಗೆ ಖುಷಿ, ನನಗೂ ಸುಲಭ. ಕೂದಲು ಬರೆಯೋದಕ್ಕೆ ಕಾಲು ಗಂಟೆ ಬೇಕು, ಬೆರೆಟ್‌ಗೆ ಎರಡು ನಿಮಿಷ."

ತಮ್ಮನ ತಲೆಗೂ ಇಡಲು ಕೈ ಎತ್ತಿದವರು, ಅವನ ಬೋಳು ನೆತ್ತಿ ನೋಡಿ ಬೆರೆಟ್ಟನ್ನು ಪೆಟ್ಟಿಗೆಗೇ ವಾಪಸ್ ಹಾಕಿದರು.

"ಹಾಗಾದ್ರೆ ಐದು ಯೂರೋ ಕಡಿಮೆ ಮಾಡಿಕೊಳ್ಳಿ" ಅಂದ ತಮ್ಮ.

ಅವರು ತಲೆ ಎತ್ತಲೇ ಇಲ್ಲ. "ಆಗಲ್ಲ. ಕಿವಿ ದೊಡ್ಡದಿದೆ."